ಬೇಡ ಅಂದವಳು

ಹೊನ್ನಕ್ಕ ಆ ಬ್ಯಾಗನ್ನು ಎರಡು ಬೆರಳಲ್ಲಿ ಹಿಡಿದು ಜಗಲಿಯಿಂದ ಅಂಗಳಕ್ಕೆ ಎಸೆದಳು. ಅದು ಶಾಮಿಯಾನದ ಕಂಬಕ್ಕೆ ತಾಗಿ ಅಡ್ಡ ಬಿತ್ತು. ತೆರೆದಿದ್ದ ಜಿಪ್ಪಿನಿಂದ ಒಂದು ನಿಂಬೆಹಣ್ಣು ಉರುಳಿ ಹೋಗಿ, ಚಾಪೆಯ ಮೇಲೆ ಮಲಗಿಸಿದ್ದ ಪುಟ್ಟಪ್ಪನ ಕಾಲಿನ ಹತ್ತಿರ ನಿಂತಿತು.

"ಇದೇ ನನ್ನ ತಮ್ಮನ್ನ ತಿಂದಿದ್ದು," ಅಂದಳು ಹೊನ್ನಕ್ಕ. "ಅರವತ್ತೆಂಟು ವರ್ಷದವನ ಬೆನ್ನಿಗೆ ಚೀಲ ಕಟ್ಟಿ ಗುಡ್ಡ ಹತ್ತಿಸ್ತಾರೆ ಅಂದ್ರೆ ಎಂತ ಹೇಳದು. ಹೆತ್ತವರಿಗೆ ಹಿಂಗೂ ಮಾಡ್ತಾರೆ."

ಯಾರು ಅಂತ ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಇಪ್ಪತ್ತು ಜನ ಒಟ್ಟಿಗೇ ದೇವಕಿಯ ಕಡೆ ನೋಡಿ, ಒಟ್ಟಿಗೇ ಬೇರೆ ಕಡೆ ತಿರುಗಿದರು.

ದೇವಕಿ ಸತ್ತವನ ಒಬ್ಬಳೇ ಮಗಳು. ಮೂವತ್ತೆಂಟು ವರ್ಷ. ಕೊಪ್ಪದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ, ವಾರಕ್ಕೆ ಒಂದೇ ರಜೆ. ಆ ಒಂದು ರಜೆಯನ್ನು ಮೂರು ವರ್ಷದಿಂದ ಅಪ್ಪಯ್ಯನ ಹಿಂದೆ ಗುಡ್ಡ ಹತ್ತಿ ಇಳಿದು ಕಳೆದಿದ್ದಳು. ನಿನ್ನೆಯೂ ಹಾಗೆಯೇ. ಸೀತೂರು ದಾಟಿದ ಮೇಲೆ ಸಿಗುವ ಎರಡನೇ ಮೋರಿ ಎಂಬ ಸ್ಟಾಪಿನಲ್ಲಿ ಇಳಿದು ಗುಡ್ಡ ಹತ್ತಿದ ಇಬ್ಬರಲ್ಲಿ ಒಬ್ಬರು ಕಂಬಳಿಯಲ್ಲಿ ವಾಪಸ್ ಬಂದರು. ಆಸ್ಪತ್ರೆಯಲ್ಲಿ ನಾಡಿ ನೋಡಿ, ಇಲ್ಲಿಗೆ ತರೋ ಮೊದಲೇ ಆಗಿಹೋಗಿದೆ ಅಂದರು.

ಅವಳು ಅಂಗಳಕ್ಕೆ ಇಳಿದು ನಿಂಬೆಹಣ್ಣನ್ನು ಎತ್ತಿಕೊಂಡಳು. ಬ್ಯಾಗಿನ ಜಿಪ್ಪು ಎಳೆದಳು. ಅದು ಯಾವತ್ತಿನ ಹಾಗೆ ಅರ್ಧಕ್ಕೇ ಸಿಕ್ಕಿಕೊಂಡಿತು. ಈ ದರಿದ್ರ ಜಿಪ್ಪನ್ನು ಸರಿ ಮಾಡಿಸಿ ಅಂತ ಎಷ್ಟು ಸಲ ಹೇಳಿದ್ದಳೋ.

"ದೇವಕಮ್ಮ." ಪಕ್ಕದಲ್ಲಿ ಇಸ್ರಾರ್ ಸಾಬರು ನಿಂತಿದ್ದರು. ಪುಟ್ಟಪ್ಪ ಕಂಡಕ್ಟರ್ ಆಗಿದ್ದ ಬಸ್ಸನ್ನು ಇಪ್ಪತ್ತೆರಡು ವರ್ಷ ಓಡಿಸಿದ ಡ್ರೈವರ್ ಅವರು. "ಹೊನ್ನಕ್ಕನ ಮಾತಿಗೆ ಬೇಜಾರ್ ಮಾಡ್ಕಬೇಡಿ. ಪುಟ್ಟಪ್ಪಣ್ಣ ಖುಷಿಯಿಂದಾನೇ ಬರ್ತಿದ್ರು. ನಂಗೆ ಗೊತ್ತು. ಕಾಲು ನೋವಿದ್ರೂ, 'ಎಂತ ಮಾಡದು ಇಸ್ರಾರು, ಮಗಳು ಹಠ ಹಿಡೀತಾಳೆ, ಇಲ್ಲ ಅನ್ನಕಾಗಲ್ಲ' ಅಂತಿದ್ರು."

"ನಾನು ಹಠ ಹಿಡೀತಿದ್ನಾ?"

"ಹಂಗೇ ಹೇಳ್ತಿದ್ರಪ್ಪ. ಶನಿವಾರ ಬಸ್ ಸ್ಟ್ಯಾಂಡಿಗೆ ಬಂದ್ರೆ ಅದೇ ಮಾತು. ಒಂದು ವಾರ ತಪ್ಪಿಸಿದ್ರೂ ಮಗಳು ಮುಖ ಊದಿಸ್ಕೊಳ್ತಾಳೆ ಅನ್ನೋರು."

ದೇವಕಿ ಚಾಪೆಯ ಕಡೆ ನೋಡಿದಳು. ಗಲ್ಲಕ್ಕೆ ಬಟ್ಟೆ ಕಟ್ಟಿಸಿಕೊಂಡು ಅಪ್ಪಯ್ಯ ಏನೂ ಅರಿಯದವನಂತೆ ಮಲಗಿದ್ದ. ನಿನ್ನೆಯಿಂದ ಅತ್ತು ಅತ್ತು ಸಾಕಾಗಿದ್ದ ಅವಳಿಗೆ ಈಗ ಬಂದಿದ್ದು ಅಳುವಲ್ಲ, ಸಿಟ್ಟು. ಎಬ್ಬಿಸಿ ಕೂರಿಸಿ ಸರಿಯಾಗಿ ಒಂದು ಜಗಳ ಆಡಬೇಕು ಅನ್ನಿಸಿತು.

*

ಮೂರು ವರ್ಷದ ಹಿಂದೆ ಮಾಲೀಕರು ಬಸ್ಸು ಮಾರಿದರು. ಪುಟ್ಟಪ್ಪನ ಖಾಕಿ ಅಂಗಿ ಮೊಳೆಗೆ ಹೋಯಿತು. ಆಮೇಲೆ ಒಂದು ಶನಿವಾರ ಅವನು ಝೆರಾಕ್ಸ್ ಅಂಗಡಿಗೆ ಬಂದು, ಗಿರಾಕಿಗಳ ಮಧ್ಯೆ ನಿಂತುಕೊಂಡೇ ಹೇಳಿದ್ದ:

"ನಿನ್ನಮ್ಮ ಮನೇಲಿ ಕೂರಕೆ ಬಿಡಲ್ಲ ಮಗ. ನಡೀರಿ, ನಡೀರಿ ಅಂತ ತಲೆ ತಿಂತಾಳೆ. ಒಬ್ಬರೇ ಹೋದ್ರೆ ಎಲ್ಲಾದ್ರೂ ಬಿದ್ದೀರಿ, ದೇವಕಿನ ಕರ್ಕೊಂಡು ಹೋಗಿ ಅಂದಿದಾಳೆ."

ಅಮ್ಮನೇ ಹೇಳಿದ್ದಾಳಲ್ಲ ಅಂತ ಅವಳು ಒಂದು ಭಾನುವಾರಕ್ಕೆ ಒಪ್ಪಿದಳು. ಆ ಒಂದು ಭಾನುವಾರ ಮೂರು ವರ್ಷ ಎಳೆಯಿತು.

ನಡೆಯುವುದು ಅಂದರೆ ಜೀಪಿನಲ್ಲಿ ಬರುವ ಹುಡುಗರ ಹಾಗೆ ತುದಿಗೆ ಹತ್ತಿ ಫೋಟೋ ತೆಗೆಸಿಕೊಳ್ಳುವುದಲ್ಲ. ಅದಾದರೂ ಆಗಿದ್ದರೆ ದೇವಕಿಗೆ ಸಮಾಧಾನ ಇರುತ್ತಿತ್ತು. ಶೃಂಗೇರಿಯಿಂದ ಎನ್.ಆರ್.ಪುರದವರೆಗೆ ತನ್ನ ಬಸ್ಸು ನಿಲ್ಲುತ್ತಿದ್ದ ಸ್ಟಾಪುಗಳಲ್ಲಿ ಇಳಿಯುವುದು ಪುಟ್ಟಪ್ಪನ ಲೆಕ್ಕಾಚಾರ. ಹಲಸಿನಮರ, ಕಲ್ಲುಕೋರೆ, ಒಂದನೇ ಮೋರಿ. ಸುತ್ತ ಒಂದು ಮನೆಯೂ ಕಾಣದ ಸ್ಟಾಪುಗಳು. ಒಂದು ಕಾಲುದಾರಿ ಮಾತ್ರ ಗುಡ್ಡದೊಳಗೆ ನುಗ್ಗಿರುತ್ತದೆ.

"ಮೂವತ್ತೊಂದು ವರ್ಷ ಜನರನ್ನ ಇಲ್ಲಿ ಇಳಿಸಿದೀನಿ," ಅಂತ ಮೊದಲ ದಿನವೇ ಹೇಳಿದ್ದ. "ಇಳಿದು ಎಲ್ಲಿಗೆ ಹೋಗ್ತಾರೆ ಅಂತ ಒಂದಿನ ನೋಡಿಲ್ಲ ನೋಡು."

ಅದನ್ನು ನೋಡಲಿಕ್ಕೆ ಎರಡು ತಾಸು ಏರು ಹತ್ತಬೇಕು. ಅವನು ಮುಂದೆ, ಅವಳು ಹಿಂದೆ. ಬ್ಯಾಗು ಅವನ ಬೆನ್ನಿನಲ್ಲೇ. ನಾನು ಹೊರ್ತೀನಿ ಅಂದರೆ ಕೊಡುವವನಲ್ಲ, ನಿಧಾನ ಹೋಗಿ ಅಂದರೆ ಕೇಳುವವನಲ್ಲ. ಕೊನೆಗೆ ಒಂದು ಹೆಂಚಿನ ಮನೆ, ಒಂದು ನಾಯಿ, ಏನು ಎತ್ತ ಅಂತ ಹೊರಗೆ ಬರುವ ಒಬ್ಬ ಮುದುಕಿ. "ನಮ್ಮ ಬಸ್ಸಿಗೆ ಬರ್ತಿದ್ರಿ," ಅನ್ನುವನು ಪುಟ್ಟಪ್ಪ. ಖಾಕಿ ಇಲ್ಲದೆ ಅವನ ಗುರುತು ಯಾರಿಗೂ ಹತ್ತುತ್ತಿರಲಿಲ್ಲ. ಮುದುಕಿ ಕಣ್ಣು ಕಿರಿದು ಮಾಡಿ ನೋಡುತ್ತಾ ನಿಂತರೆ, "ಒಳಗ್ ಹೋಗಿ, ಒಳಗ್ ಹೋಗಿ, ಮಧ್ಯದಲ್ಲಿ ಜಾಗ ಐತೆ," ಅಂತ ಹಳೇ ದನಿ ತೆಗೆಯುವನು. ಆಗ ಮುದುಕಿಯ ಮುಖ ಅರಳುವುದು. "ಓ, ಕಂಡಕ್ಟ್ರಾ. ಬನ್ನಿ ಮಾರಾಯ್ರೆ, ಕೂರಿ, ಕಾಫಿ ಕುಡ್ಕಂಡು ಹೋಗಿ."

ಅಲ್ಲಿಗೆ ಮುಗಿಯಿತು. ಪುಟ್ಟಪ್ಪ ವಾಚು ನೋಡಿ "ಟೈಮಾಯ್ತು" ಅನ್ನುವನು. ಯಾವ ಬಸ್ಸಿಗೆ ಟೈಮಾಯ್ತೋ ದೇವರಿಗೇ ಗೊತ್ತು. ಒಂದು ಸಲ ಕಲ್ಲುಕೋರೆಯ ಮೇಲಿನ ಮನೆಯವಳು ಮಜ್ಜಿಗೆ ತರುವಷ್ಟರಲ್ಲಿ ಅವನು ಅರ್ಧ ಗುಡ್ಡ ಇಳಿದಾಗಿತ್ತು. ದೇವಕಿ ನಿಂತಲ್ಲೇ ಗಟಗಟ ಕುಡಿದು, ನೆತ್ತಿಗೆ ಹತ್ತಿಸಿಕೊಂಡು ಕೆಮ್ಮುತ್ತಾ ಹಿಂದೆ ಓಡಿದ್ದಳು. ಆ ದಿನ ಅವಳು ಬಾಯಿಬಿಟ್ಟೇ ಕೇಳಿದ್ದಳು.

"ನಾನೇ ಯಾಕೆ ಅಪ್ಪಯ್ಯ? ನಂಗೂ ಮನೆ ಉಂಟು, ಗಂಡ ಉಂಟು. ಅಮ್ಮನ್ನ ಕರ್ಕೊಂಡು ಬನ್ನಿ."

"ಕರೆದೆ ಮಾರಾಯ್ತಿ. ಅವಳಿಗೆ ಮಂಡಿ ನೋವಲ್ಲ. ಬೇಡ ಅಂದ್ಲು."

ದೇವಕಿ ನಂಬಿದಳು. ಭಾನುವಾರ ಕೊಪ್ಪದಲ್ಲೇ ಬಸ್ಸು ಹತ್ತಿ ಅಲ್ಲೇ ಇಳಿಯುತ್ತಿದ್ದವಳಿಗೆ ಕಮ್ಮರಡಿಯ ಈ ಮನೆಗೆ ಬರಲು ಬಿಡುವಾಗುತ್ತಿದ್ದುದು ಹಬ್ಬಕ್ಕೆ ಮಾತ್ರ. ಬಂದಾಗಲೂ ಅಮ್ಮ ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ. ಬಡಿಸಿ ಒಳಗೆ ಹೋಗುತ್ತಿದ್ದಳು. ವಯಸ್ಸಾಯಿತಲ್ಲ ಅಂದುಕೊಂಡಿದ್ದಳು ದೇವಕಿ.

ನಿನ್ನೆ ಮಾತ್ರ, ಏರು ಇನ್ನೂ ಅರ್ಧ ಉಳಿದಿರುವಾಗ, ಅವನು "ಒಂಚೂರು ಕೂರ್ತೀನಿ" ಅಂದ. ಮೂರು ವರ್ಷದಲ್ಲಿ ಮೊದಲ ಸಲ. ಅಂತೂ ಸೋತ್ರಲ್ಲ ಅಂತ ಅವಳಿಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯಲ್ಲೇ ತಿರುಗಿ ನಿಂತು ಬಾಟಲಿಯ ನೀರು ಕುಡಿದಳು. ಮತ್ತೆ ಈ ಕಡೆ ತಿರುಗುವಾಗ ಅವನು ಕಲ್ಲಿಗೆ ಒರಗಿದ್ದ.

*

ಪುಟ್ಟಪ್ಪನ ತಮ್ಮನ ಮಗ ಹರೀಶ ಶಿವಮೊಗ್ಗದಿಂದ ಬಂದ ಮೇಲೆ ಸ್ನಾನ ಮಾಡಿಸಲು ಎತ್ತಿದರು. ಗಂಡಸರೆಲ್ಲ ಹಂಡೆಯ ಹತ್ತಿರ ಹೋದರು. ದೇವಕಿಯ ಅಮ್ಮ ಭೈರಮ್ಮ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ದೇವಕಿ ಹೋಗಿ ಪಕ್ಕದಲ್ಲಿ ಕೂತಳು. ಅಮ್ಮನ ಹತ್ತಿರವಾದರೂ ನಿಜ ಹೇಳಿಬಿಡಬೇಕು ಅಂತಲೇ ಬಂದಿದ್ದಳು.

ಆದರೆ ಭೈರಮ್ಮನೇ ಮೊದಲು ಬಾಯಿ ತೆರೆದಳು.

"ಹೊನ್ನತ್ತಿಗೆ ಮಾತು ಮನಸಿಗೆ ಹಚ್ಕಬೇಡ. ಅವರ ಗಳಿಗೆ ಬಂದಿತ್ತು, ಹೋದ್ರು. ನಿಂದೆಂತ ತಪ್ಪಿಲ್ಲ."

"ಅಮ್ಮ..."

"ಒಂದೇ ಒಂದು ಬೇಜಾರು ನಂಗೆ. ನನ್ನನ್ನೂ ಒಂದಿನ ಕರ್ದಿದ್ರೆ ಆಗ್ತಿತ್ತು ನೀನು."

ದೇವಕಿಗೆ ಅರ್ಥವಾಗಲಿಲ್ಲ. "ನಿಂಗೆ ಮಂಡಿ ನೋವಲ್ಲಮ್ಮ?"

"ಎಲ್ಲಿಯ ಮಂಡಿ ನೋವು. ಅದು ವಾಸಿಯಾಗಿ ನಾಕು ವರ್ಷ ಆಯ್ತು. ಈಗಲೂ ಆ ಗುಡ್ಡದಿಂದ ನಾನೇ ಸೌದೆ ಹೊತ್ಕಂಡು ಬರದು." ಭೈರಮ್ಮ ಸೆರಗಿನ ತುದಿಯನ್ನು ಸುರುಳಿ ಸುತ್ತಿದಳು. "ನಾನೂ ಬರ್ತೀನಿ ಅಂತ ಎಷ್ಟು ಸಲ ಕೇಳಿದೆ ಅವರನ್ನ. 'ನಂಗೂ ನಿನ್ನ ಕರ್ಕೊಂಡು ಹೋಗ್ಬೇಕು ಅಂತ ಆಸೆ ಉಂಟು ಕಣೆ, ದೇವಕಿನೇ ಅಮ್ಮ ಬರದು ಬೇಡ ಅಂತಾಳಲ್ಲ, ಅವಳ ಮನಸಿಗೆ ಯಾಕೆ ನೋವು ಮಾಡದು' ಅಂದ್ರು. ಸುಮ್ನಾದೆ. ಮಗಳಿಗೆ ಅಪ್ಪ ಒಬ್ಬನೇ ಸಾಕು ಅನ್ಸಿದ್ರೆ ನಾನೆಂತ ಮಾಡ್ಲಿ. ಅವರಿಗಾದ್ರೂ ಕರ್ಕೊಂಡು ಹೋಗಕ್ಕೆ ಮನಸಿತ್ತಲ್ಲ. ನಂಗೆ ಅಷ್ಟು ಸಾಕು."

ಮೂರು ವರ್ಷ. ಅಮ್ಮನ ಬಿಗಿದ ಮುಖ, ಬಡಿಸಿ ಒಳಗೆ ಹೋಗುವ ಬೆನ್ನು, ಎಲ್ಲ ಒಂದೇ ಸಲಕ್ಕೆ ದೇವಕಿಗೆ ಅರ್ಥವಾಯಿತು. ಇವಳಿಗೆ ಅವಳನ್ನು ತೋರಿಸಿ, ಅವಳಿಗೆ ಇವಳನ್ನು ತೋರಿಸಿ, ಆ ಮನುಷ್ಯ ತನ್ನಷ್ಟಕ್ಕೆ ಗುಡ್ಡ ಹತ್ತಿದ್ದ. ಯಾಕೆ ಅಂತ ಕೇಳೋಣ ಅಂದರೆ ಅವನ ತಲೆಗೆ ಹೊರಗೆ ಬಿಸಿನೀರು ಹೊಯ್ಯುತ್ತಿದ್ದರು.

"ಅಮ್ಮ, ನಾನು ಯಾವತ್ತೂ..."

"ದೇವಕಿ," ಹೊನ್ನಕ್ಕನ ದನಿ ಬಾಗಿಲಿಂದ ಬಂತು. "ಅವನ ಚಾಪೆ, ದಿಂಬು, ಮೆಟ್ಟು, ಎಲ್ಲ ಹೊರಗೆ ತಗಂಡು ಬಾ. ಸತ್ತವನ ಬಳಕೇದು ಒಂದೂ ಮನೇಲಿ ಉಳೀಬಾರದು. ಆ ಚೀಲನೂ ಹೋಗ್ಲಿ ಅವನ ಹಿಂದೆ."

ಒಳಕೋಣೆಯಲ್ಲಿ ದೇವಕಿ ಮಂಚದ ಕೆಳಗೆ ಕೈ ಹಾಕಿದಳು. ಅಪ್ಪಯ್ಯನ ಶೂ ನಿನ್ನೆಯ ಕೆಂಪು ಮಣ್ಣಿನ ಸಮೇತ ಸಿಕ್ಕಿತು. ಆಸ್ಪತ್ರೆಯಿಂದ ತಂದು ಅಲ್ಲಿಗೆ ತಳ್ಳಿದವಳು ಅವಳೇ. ಅದರ ಹಿಂದೆ ಕೈಗೆ ಒಂದು ರಟ್ಟಿನ ಪೆಟ್ಟಿಗೆ ತಾಗಿತು. ಎಳೆದಳು. ಕೊಪ್ಪದ ಚಪ್ಪಲಿ ಅಂಗಡಿಯ ಕವರು ಸುತ್ತಿತ್ತು. ಅವಳ ಝೆರಾಕ್ಸ್ ಅಂಗಡಿಯಿಂದ ಮೂರನೇ ಬಾಗಿಲು ಆ ಅಂಗಡಿ.

ಒಳಗೆ ಒಂದು ಜೊತೆ ಕ್ಯಾನ್ವಾಸ್ ಶೂ. ಹೆಂಗಸರದ್ದು, ಸಣ್ಣ ಅಳತೆ. ಮುಂಭಾಗಕ್ಕೆ ತುರುಕಿದ ಕಾಗದದ ಉಂಡೆಗಳು ಹಾಗೇ ಇದ್ದವು. ತಿರುಗಿಸಿ ನೋಡಿದಳು. ಬಿಳಿ ತಳಕ್ಕೆ ಒಂದು ಚೂರು ಮಣ್ಣು ತಾಗಿರಲಿಲ್ಲ. ಲೇಸು ಮಾತ್ರ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ಸುಕ್ಕಾಗಿ, ಗಂಟು ಬೀಳುವ ಜಾಗದಲ್ಲಿ ಕಪ್ಪಾಗಿತ್ತು.

ಅಮ್ಮ ಹುಟ್ಟಿದಾಗಿನಿಂದ ಶೂ ಹಾಕಿದವಳಲ್ಲ. ಕೊಪ್ಪಕ್ಕೆ ಬಂದು, ಮಗಳ ಅಂಗಡಿಯ ಮುಂದೆಯೇ ಹಾದು ಹೋಗಿ, ಒಳಗೆ ಬರದೆ ಇದನ್ನು ತೆಗೆದುಕೊಂಡಿದ್ದಾಳೆ. ಮನೆಯಲ್ಲಿ ಒಬ್ಬಳೇ ಕೂತು ಲೇಸು ಕಟ್ಟುವುದನ್ನು ಕಲಿತಿದ್ದಾಳೆ. ಯಾವ ಭಾನುವಾರಕ್ಕೆ ಕರೆ ಬರುತ್ತದೋ ಅಂತ.

ಈಗಲೇ ಹೋಗಿ ಎಲ್ಲರೆದುರು ಹೇಳಿಬಿಡಬೇಕು. ನಾನು ಎಳೆದುಕೊಂಡು ಹೋಗಲಿಲ್ಲ, ನಾನು ಬೇಡ ಅನ್ನಲಿಲ್ಲ, ಎಲ್ಲ ಅವರದೇ ಸುಳ್ಳು ಅಂತ. ಹೇಳಿದರೆ ಹೊನ್ನಕ್ಕನ ಬಾಯಿ ಮುಚ್ಚುತ್ತದೆ. ಅಂಗಳದ ಇಪ್ಪತ್ತು ಜನ ಪಾಪ ಅನ್ನುತ್ತಾರೆ. ಅಮ್ಮನಿಗೆ? ಕರ್ಕೊಂಡು ಹೋಗಲು ಅವರಿಗೆ ಮನಸಿತ್ತು ಅನ್ನುವುದೊಂದೇ ಅವಳ ಕೈಲಿ ಉಳಿದಿರುವುದು. ಅದನ್ನೂ ಕಿತ್ತುಕೊಂಡ ಹಾಗಾಗುತ್ತದೆ.

ಎಂಥ ಇಕ್ಕಟ್ಟಿಗೆ ತಂದಿಟ್ಟು ಹೋದಿರಿ ಅಪ್ಪಯ್ಯ, ಅಂದುಕೊಂಡಳು.

ಭೈರಮ್ಮ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಎದ್ದು ಬಂದಳೋ. ಪೆಟ್ಟಿಗೆ ನೋಡಿದಳು, ಮಗಳ ಮುಖ ನೋಡಿದಳು.

"ಎಂತದೋ ಹೇಳಕೆ ಹೊರಟಿದ್ದೆ ಆಗ."

"ಎಂತ ಇಲ್ಲಮ್ಮ." ದೇವಕಿ ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು. "ಹೌದು. ನಾನೇ ಬೇಡ ಅಂದಿದ್ದು. ಅಪ್ಪಯ್ಯ ಪ್ರತಿ ವಾರ ಕೇಳ್ತಿದ್ರು, ಅಮ್ಮನೂ ಬರ್ಲಿ ಅಂತ. ನಾನೇ ಒಪ್ಲಿಲ್ಲ. ತಪ್ಪಾಯ್ತು."

ಭೈರಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. "ಪ್ರತಿ ವಾರ ಕೇಳ್ತಿದ್ರಾ?"

"ಹೂಂ. ಪ್ರತಿ ವಾರ."

"ಈಗೆಂತ ಬಿಡು," ಅಂದಳು. ಹತ್ತಿರ ಬಂದು ಗಂಡನ ಶೂ ಕೈಗೆತ್ತಿಕೊಂಡಳು. "ನೀನು ಚಾಪೆ, ದಿಂಬು ತಗಂಡು ಹೋಗು. ಇದನ್ನ ನಾನು ತರ್ತೀನಿ."

*

ಹರೀಶ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಹಿಂದೆ ಚಟ್ಟ. ಹೆಂಗಸರು ಅಂಗಳದ ತುದಿಯಲ್ಲಿ ಗಳು ಸರಿಸಿ ದಾಟುವ ದಣಪೆಯವರೆಗೆ ಹೋಗಿ ನಿಂತರು. ಅಲ್ಲಿಂದ ಆಚೆ ಅವರು ಹೋಗುವ ಪದ್ಧತಿ ಇಲ್ಲ. ದಾರಿ ಅಲ್ಲಿಂದಲೇ ಗುಡ್ಡಕ್ಕೆ ಏರುತ್ತದೆ. ಸುಡುವ ಜಾಗ ಮೇಲಿನ ಬೋಳು ಬಯಲಿನಲ್ಲಿ.

"ಮಗಳಾಗಿ ಹುಟ್ಟಿ ಇಂಥ ಕೆಲಸ ಮಾಡ್ದೆ," ಅಂತ ಹೊನ್ನಕ್ಕ ಅಳುತ್ತಾ ಇನ್ನೊಮ್ಮೆ ಶುರು ಮಾಡಿದಳು. "ಅವನು ಬೇಡ ಅಂದ್ರೂ ಬಿಡ್ಲಿಲ್ಲ."

"ಹೌದತ್ತೆ," ಅಂದಳು ದೇವಕಿ. "ಬಿಡ್ಲಿಲ್ಲ."

ಹೊನ್ನಕ್ಕ ಮೂಗೊರೆಸಿಕೊಂಡು ಚಟ್ಟದ ಕಡೆ ತಿರುಗಿದಳು.

ಹೊತ್ತವರು ಬೇಗ ಬೇಗ ಹತ್ತುತ್ತಿದ್ದರು. ಭೈರಮ್ಮ ದಣಪೆಯ ಗಳುವನ್ನು ಹಿಡಿದುಕೊಂಡು ನೋಡುತ್ತಿದ್ದಳು. "ಇವರೂ ಅವರ ಹಂಗೇ ಓಡ್ತಾರಲ್ಲ," ಅಂದಳು, ತನಗೇ ಹೇಳಿಕೊಂಡ ಹಾಗೆ.

ಎಲ್ಲರ ಹಿಂದೆ ದೇವಕಿಯ ಗಂಡ ಯೋಗೇಂದ್ರ ಚಾಪೆ, ದಿಂಬು ಕಂಕುಳಲ್ಲಿ ಇಟ್ಟುಕೊಂಡು, ಮಾವನ ಬ್ಯಾಗನ್ನು ಒಂದು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಜಿಪ್ಪು ಅರ್ಧ ತೆರೆದೇ ಇತ್ತು. ಬ್ಯಾಗಿನ ಪಟ್ಟಿಗೆ ಲೇಸಿನಿಂದ ಅಪ್ಪಯ್ಯನ ಶೂ ಕಟ್ಟಿದ್ದು ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದು ಜೊತೆ.

ಬದುಕಿರುವವರ ಮೆಟ್ಟು ಹೆಣದ ಹಿಂದೆ ಹೋಗಬಾರದು. ದೇವಕಿಗೆ ಅದು ಗೊತ್ತಿತ್ತು, ಅಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಕೂಗಿದರೆ ಯೋಗೇಂದ್ರ ನಿಲ್ಲುವಷ್ಟು ದೂರದಲ್ಲೇ ಇದ್ದ. ಅವಳು ಬಾಯಿ ತೆರೆದು ಅಮ್ಮನ ಕಡೆ ತಿರುಗಿದಳು. ಭೈರಮ್ಮ ಅವಳನ್ನು ನೋಡಲಿಲ್ಲ. ಗುಡ್ಡವನ್ನೇ ನೋಡುತ್ತಿದ್ದಳು.

ತಿರುವಿನಲ್ಲಿ ಚಟ್ಟ ಮರೆಯಾಯಿತು. ಯೋಗೇಂದ್ರನ ಬೆನ್ನು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿತ್ತು. ಮಣ್ಣು ಮೆತ್ತಿದ ದೊಡ್ಡ ಶೂ, ಬಿಳಿ ತಳದ ಸಣ್ಣ ಶೂ, ಅವನ ಒಂದೊಂದು ಹೆಜ್ಜೆಗೂ ಒಂದಕ್ಕೊಂದು ತಾಗುತ್ತಾ ಗುಡ್ಡ ಹತ್ತುತ್ತಿದ್ದವು.