ಅಮ್ಮನ ಬೆನ್ನಿಗೆ ನೀಲಿ ಬ್ಯಾಗು

ಅಕ್ಕ ಫೋನು ಮಾಡಿ, "ಮುಂದಿನ ವಾರ ನಾನು, ಭಾವ, ಅಮ್ಮ ಮೂರೂ ಜನ ನಿನ್ನ ಮನೆಗೆ ಬರ್ತಾ ಇದೀವಿ ಕಣೋ" ಎಂದಾಗ ನಾನು ಇಸ್ತ್ರಿ ಅಂಗಡಿಯ ಮೇಜಿನ ಕೆಳಗೆ ಕಾಲು ಮಡಚಿ ಮಲಗಿದ್ದೆ. ಆಗ ನನ್ನ ಮನೆಯೆಂದರೆ ಅದೇ. ಮೇಲೆ ಇಸ್ತ್ರಿಯವನು ಯಾರದೋ ಪ್ಯಾಂಟಿಗೆ ನೀರು ಚಿಮುಕಿಸುತ್ತಿದ್ದ, ಒಂದೆರಡು ಹನಿ ನನ್ನ ಮುಖಕ್ಕೂ ಬಿದ್ದವು. "ಬನ್ನಿ ಬನ್ನಿ, ಅದಕ್ಕೇನಂತೆ!" ಎಂದುಬಿಟ್ಟೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

ನಾನು ಇಪ್ಪತ್ತೆರಡು ವರ್ಷ ಒಂದೇ ಲಾಡ್ಜಿನ ಕೌಂಟರಿನಲ್ಲಿ ಕೂತವನು. ಕೆಲಸ ಇರುವ ತನಕ ಇರು ಅಂತ ತಾರಸಿಯ ಮೇಲೆ ಎರಡು ಕೋಣೆ ಕೊಟ್ಟಿದ್ದರು. ಮೂರು ತಿಂಗಳ ಹಿಂದೆ ಮಾಲೀಕ ತೀರಿಕೊಂಡ, ಮಕ್ಕಳು ಕಟ್ಟಡ ಮಾರಿದರು, ಕೆಲಸವೂ ಮನೆಯೂ ಒಂದೇ ಮಧ್ಯಾಹ್ನ ಕೈಬಿಟ್ಟು ಹೋದವು. ಅಕ್ಕನಿಗೆ ಹೇಳಿರಲಿಲ್ಲ. ನಲವತ್ತೊಂಬತ್ತು ವರ್ಷದ ಗಂಡಸು, ಮೊದಲೇ ಮದುವೆಯಾಗದವನು, ಈಗ ಮನೆಯೂ ಇಲ್ಲ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು? ಇವತ್ತು ಬೇಡ ನಾಳೆ ಹೇಳೋಣ ಎಂದು ದಿನ ತಳ್ಳುತ್ತಿದ್ದೆ.

ಅವರು ಬಂದರೆ ಎಲ್ಲಿ ಇಳಿಸಲಿ, ಮೇಜಿನ ಕೆಳಗೆ ಇನ್ನು ಮೂರು ಜನಕ್ಕೆ ಜಾಗ ಇದೆಯೇ? ಎರಡು ದಿನ ತಲೆ ಕೆರೆದುಕೊಂಡು ಕೊನೆಗೆ ನಾನೇ ಫೋನು ಮಾಡಿದೆ. "ಅಕ್ಕಾ, ಮನೇಲಿ ಕೂತು ಏನು ಮಾಡ್ತೀರಿ? ಬೆನ್ನಿಗೊಂದೊಂದು ಬ್ಯಾಗ್ ಹಾಕ್ಕೊಂಡು ದಕ್ಷಿಣದ ಕಡೆ ಹೊರಟುಬಿಡೋಣ. ನೆಲ ಮುಗಿದು ನೀರು ಶುರುವಾಗೋ ತನಕ. ಹನ್ನೆರಡು ದಿನ. ನಮ್ಮ ಲಾಡ್ಜಿಗೆ ಬರೋ ಹುಡುಗ ಹುಡುಗೀರೆಲ್ಲ ಹಾಗೇ ತಿರುಗೋದು. ದಾರಿಯುದ್ದಕ್ಕೂ ನನಗೆ ಗೊತ್ತಿರೋ ಲಾಡ್ಜುಗಳಿವೆ." ಅಮ್ಮನಿಗೆ ಎಪ್ಪತ್ತನಾಲ್ಕು, ಮೊಣಕಾಲು ನೋವು ಬೇರೆ. ನಿನಗೇನು ತಲೆ ಕೆಟ್ಟಿದೆಯಾ ಎಂದು ಅಕ್ಕ ಉಗಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಒಂದು ಪ್ರಶ್ನೆಯನ್ನೂ ಕೇಳದೆ, "ಆಯ್ತು, ಹಾಗೇ ಮಾಡೋಣ" ಅಂದಳು. ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಬಸ್ ನಿಲ್ದಾಣದಲ್ಲಿ ಮೂವರೂ ಸಾಲಾಗಿ ನಿಂತಿದ್ದರು. ಭಾವ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾಗಿ ನಿವೃತ್ತರಾದವರು. ತಲೆಗೆ ಟೋಪಿ, ಕೊರಳಲ್ಲಿ ಸೀಟಿ. ನನ್ನನ್ನು ನೋಡಿದ್ದೇ "ನಾಲ್ಕು! ಎಲ್ಲಾ ಹಾಜರ್!" ಎಂದು ಲೆಕ್ಕ ಒಪ್ಪಿಸಿದರು. ಅಕ್ಕ ಸೊರಗಿದ್ದಳು, ಕಣ್ಣ ಕೆಳಗೆ ಕಪ್ಪು. ಅಮ್ಮನ ಬೆನ್ನಿಗೆ ಅಕ್ಕನ ಮಗಳು ಶಾಲೆಗೆ ಒಯ್ಯುತ್ತಿದ್ದ ಹಳೆಯ ನೀಲಿ ಬ್ಯಾಗು. "ನೋಡೋ, ನನ್ನನ್ನ ಮತ್ತೆ ಸ್ಕೂಲಿಗೆ ಸೇರಿಸ್ತಾ ಇದಾರೆ" ಎಂದು ನಕ್ಕಳು.

ಇಳಿಸಿಕೊಳ್ಳೋಣವೆಂದು ಬ್ಯಾಗಿಗೆ ಕೈ ಹಾಕಿದೆ. ಅಬ್ಬಾ ಏನು ಭಾರ! ಬ್ಯಾಗು ಎತ್ತಿ ನೋಡಿದರೆ ಸಾಕು, ಈ ಗಿರಾಕಿ ಎಷ್ಟು ದಿನ ಇರುತ್ತಾನೆ ಎಂದು ನಾನು ಹೇಳಬಲ್ಲೆ, ಅದೊಂದೇ ನನಗೆ ಬಂದ ವಿದ್ಯೆ. ಇದು ಹನ್ನೆರಡು ದಿನದ ಬ್ಯಾಗಲ್ಲ. ಬಸ್ಸಿನಲ್ಲಿ ಅಮ್ಮ ಮಾತ್ರೆ ಕೇಳಿದಳೆಂದು ಜಿಪ್ಪು ತೆಗೆದೆ. ಒಳಗೆ ಉಣ್ಣೆಯ ಶಾಲು, ಆಸ್ಪತ್ರೆಯ ದಪ್ಪ ಫೈಲು, ಬಿಸಿನೀರಿನ ರಬ್ಬರ್ ಚೀಲ, ಟವೆಲಿನಲ್ಲಿ ಸುತ್ತಿದ ಅಪ್ಪನ ಫೋಟೊ. ಪ್ರವಾಸಕ್ಕೆ ಯಾರಾದರೂ ಗಂಡನ ಫೋಟೊ ಫ್ರೇಮಿನ ಸಮೇತ ತರುತ್ತಾರೆಯೇ? ಮಾತ್ರೆ ಕೊಟ್ಟು ಜಿಪ್ಪು ಎಳೆದೆ.

ಊಟಕ್ಕೆ ಬಸ್ಸು ನಿಂತಾಗ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಬೇಜಾರು ಮಾಡ್ಕೋಬೇಡ ಕಣೋ. ಟ್ರಿಪ್ ಮುಗಿದ ಮೇಲೆ ಅಮ್ಮ ನಿನ್ನ ಹತ್ರಾನೇ ಇರಲಿ. ಹನ್ನೊಂದು ವರ್ಷ ನಾನು ನೋಡ್ಕೊಂಡೆ. ರಾತ್ರಿ ಐದು ಸಲ ಎಬ್ಬಿಸ್ತಾಳೆ. ನನಗೂ ಮೈಯಲ್ಲಿ ಶಕ್ತಿ ಇಲ್ಲ. ನೀನೂ ಮಗ ತಾನೇ?"

ಅವಳದು ತಪ್ಪೇನಿಲ್ಲ, ಹನ್ನೊಂದು ವರ್ಷದಲ್ಲಿ ನಾನು ಮಾಡಿದ್ದು ತಿಂಗಳಿಗೊಂದು ಫೋನು. ಆಗಲೇ ಹೇಳಬೇಕಿತ್ತು. "ನೀನು ಹೇಳಬೇಕಾ ಅಕ್ಕಾ, ನನ್ನ ಅಮ್ಮನ್ನ ನಾನು ನೋಡ್ಕೊಳ್ದೆ ಇನ್ಯಾರು" ಎಂದು ಬೊಗಳಿದೆ. ಅವಳು ನನ್ನ ಕೈ ಹಿಡಿದು ಅತ್ತಳು.

ಅಲ್ಲಿಂದ ನನ್ನ ಪ್ರವಾಸ ಬೇರೆ, ಅವರ ಪ್ರವಾಸ ಬೇರೆಯಾಯಿತು. ಅವರು ಬೆಟ್ಟ, ಕೋಟೆ, ಕಡಲು ನೋಡಿದರು. ನಾನು ಹೋದಲ್ಲೆಲ್ಲ ಕೆಲಸ ಕೇಳಿದೆ. ಹನ್ನೆರಡು ದಿನದೊಳಗೆ ಒಂದು ಕೆಲಸ, ಅದರ ಜೊತೆಗೊಂದು ಕೋಣೆ. ಅಷ್ಟು ಸಿಕ್ಕರೆ ಸಾಕು, ಅಮ್ಮನನ್ನು ಸೀದಾ ಅಲ್ಲಿಗೇ ಕರೆದೊಯ್ದು, ನೋಡಮ್ಮ ಇದೇ ಮನೆ ಅನ್ನಬಹುದಿತ್ತು. ಭಾವ ಬೆಳಗಾಗೆದ್ದು ಸೀಟಿ ಊದಿ ಕೈಕಾಲು ಆಡಿಸುವ ಹೊತ್ತಿಗೆ ನಾನು ಕೆಳಗಿಳಿದು ಕೌಂಟರಿನವರ ಮುಂದೆ ಹಲ್ಲು ಗಿಂಜುತ್ತಿದ್ದೆ. "ಈಗ ಎಲ್ಲಾ ಮೊಬೈಲಲ್ಲೇ ಬುಕಿಂಗು ಯಜಮಾನ್ರೇ" ಅಂದ ಒಬ್ಬ. "ಬಾಗಿಲಿಗೆ ಕೀಲಿಕೈಯೇ ಇಲ್ಲ, ನಂಬರ್ ಒತ್ತಿದರೆ ತೆಗೆಯುತ್ತೆ. ನಮ್ಮ ಕೆಲಸಾನೇ ಯಾವತ್ತು ಹೋಗುತ್ತೋ" ಅಂದ ಇನ್ನೊಬ್ಬ. ಮೂರನೆಯವನಂತೂ ನನ್ನ ವಯಸ್ಸು ಕೇಳಿ ಚಹಾ ಕುಡಿಸಿ ಕಳಿಸಿದ.

ಐದನೆಯ ದಿನದ ಲಾಡ್ಜಿನಲ್ಲಿ ರಿಜಿಸ್ಟರು ನನ್ನ ಕಡೆ ತಿರುಗಿಸಿದರು. ಹೆಸರು, ವಯಸ್ಸು, ಎಲ್ಲಿಂದ, ಎಲ್ಲಿಗೆ, ಎಲ್ಲ ಸರಸರ ಬರೆದೆ. ಖಾಯಂ ವಿಳಾಸ ಎನ್ನುವ ಕಡೆ ಪೆನ್ನು ನಿಂತಿತು. "ಖಾಲಿ ಬಿಡಬೇಡಿ ಸ್ವಾಮೀ, ಪೊಲೀಸರು ಬಂದರೆ ನಮ್ಮನ್ನ ಹಿಡೀತಾರೆ" ಎಂದು ಎಷ್ಟು ಸಾವಿರ ಜನರನ್ನು ಗದರಿಸಿದ್ದೆನೋ. ಮುಚ್ಚಿದ ಲಾಡ್ಜಿನ ವಿಳಾಸವನ್ನೇ ಗೀಚಿದೆ. ಪಕ್ಕದಲ್ಲಿ ಕೌಂಟರಿನ ಅಂಚು ಹಿಡಿದುಕೊಂಡು ನಿಂತಿದ್ದ ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಜಲಪಾತಕ್ಕೆ ಹೋದೆವು. ಮುನ್ನೂರು ಮೆಟ್ಟಿಲು. ಭಾವ ಅಕ್ಕನನ್ನು "ಎಡ, ಬಲ, ಎಡ, ಬಲ" ಎನ್ನುತ್ತ ಹತ್ತಿಸಿಕೊಂಡು ಹೋದರು. ಅಮ್ಮನೂ ನಾನೂ ಕೆಳಗಡೆ ಬೆಂಚಿನ ಮೇಲೆ ಕೂತೆವು. ಅವಳು ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟಳು.

"ನಿನ್ನ ಮನೆ ಕೀಲಿಕೈ ಎಲ್ಲೋ ಮರಿ?"

"ಬ್ಯಾಗಲ್ಲಿದೆ."

"ತೋರಿಸು."

ನಾನು ಬಾಳೆಹಣ್ಣು ತಿಂದೆ. ಅವಳು ಕಾದಳು. ಸಿಪ್ಪೆಯನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದೆ.

"ಮನೆ ಹೋಗಿ ಎಷ್ಟು ದಿನ ಆಯ್ತು?"

"ಮೂರು ತಿಂಗಳು."

"ಎಲ್ಲಿ ಮಲಗ್ತೀಯ?"

ಇಸ್ತ್ರಿ ಅಂಗಡಿಯ ಮೇಜಿನ ವಿಷಯ ಹೇಳಿದೆ. "ಬೆಚ್ಚಗಾದರೂ ಇರುತ್ತೆ ಬಿಡು" ಅಂದಳು ಅಮ್ಮ. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ. ಮೆಟ್ಟಿಲು ಹತ್ತುವವರೆಲ್ಲ ತಿರುಗಿ ನೋಡುವ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ.

"ಇವತ್ತೇ ಅಕ್ಕನಿಗೆ ಹೇಳ್ತೀನಮ್ಮ. ನೀನು ಅವಳ ಜೊತೆ ವಾಪಸ್ ಹೋಗು."

"ಬಾಯಿ ಮುಚ್ಕೊಂಡಿರು" ಎಂದಳು ಅಮ್ಮ. ಅಷ್ಟು ಗಡಸಾಗಿ ಅವಳು ಮಾತಾಡಿದ್ದು ನಾನು ಕೇಳಿಯೇ ಬಹಳ ವರ್ಷಗಳಾಗಿತ್ತು. "ಅವಳು ನನ್ನ ಮಗಳು, ನನಗೆ ಗೊತ್ತು. ನಿನಗೆ ಮನೆ ಇಲ್ಲ ಅಂತ ಕಿವಿಗೆ ಬಿದ್ದರೆ ಸಾಕು, ಸಾಯ್ತಾ ಇದ್ದರೂ ನನ್ನನ್ನ ಬಿಟ್ಟು ಹೋಗೋಳಲ್ಲ. ಕರ್ಕೊಂಡು ಹೋಗಿ ಮತ್ತೆ ರಾತ್ರಿಯೆಲ್ಲಾ ನಿದ್ದೆಗೆಡ್ತಾಳೆ. ಅವಳ ಮುಖ ನೋಡಿದೀಯಾ ನೀನು? ನನಗಿಂತ ಮೊದಲು ಅವಳೇ ಹೋಗ್ಬಿಡ್ತಾಳೆ. ಅವಳು ನಿಶ್ಚಿಂತೆಯಿಂದ ಬಸ್ ಹತ್ತಲಿ. ಆಮೇಲೆ ನಮ್ಮದು ನಾವು ನೋಡ್ಕೊಳ್ಳೋಣ."

"ಏನು ನೋಡ್ಕೊಳ್ಳೋದು ಮಣ್ಣು?" ಎಂದು ರೇಗಿದೆ.

"ಏನೋ ಒಂದು" ಅಂದಳು.

ಮೇಲಿನಿಂದ ಭಾವನ ಸೀಟಿ ಕೇಳಿಸಿತು. ಅಕ್ಕ ಒದ್ದೆ ಕೂದಲಿನಲ್ಲಿ ಇಳಿದು ಬಂದಳು, ಮುಖದಲ್ಲಿ ಎಷ್ಟೋ ವರ್ಷದ ಹಿಂದಿನ ಕಳೆ. ನಾಲ್ಕು ದಿನ ಸರಿಯಾಗಿ ನಿದ್ದೆ ಮಾಡಿದ್ದಳಂತೆ. ರಾತ್ರಿ ಅಮ್ಮನ ಪಕ್ಕ ಮಲಗುತ್ತಿದ್ದವನು ನಾನು.

ನೆಲ ಮುಗಿಯುವ ಊರನ್ನು ಹನ್ನೊಂದನೆಯ ದಿನ ತಲುಪಿದೆವು. ಅಲ್ಲಿಯ ಲಾಡ್ಜಿನ ಮ್ಯಾನೇಜರು ನನ್ನ ಕೈಕೆಳಗೆ ಕೆಲಸ ಕಲಿತವನು, ದಪ್ಪ ಕನ್ನಡಕದವನು. ಉಳಿದಿದ್ದ ಆಸೆಯೆಲ್ಲ ಅವನ ಮೇಲೇ. ಮೂವರೂ ನೀರು ನೋಡಲು ಹೋದಾಗ ಅವನ ಮುಂದೆ ಕೂತು ಇದ್ದದ್ದು ಇದ್ದಂತೆ ಹೇಳಿದೆ. ಮೂರು ಸಮುದ್ರ ಕೂಡುವ ಜಾಗವಂತೆ, ನಾನು ಇವತ್ತಿಗೂ ನೋಡಿಲ್ಲ.

ಅವನು ಒಳ್ಳೆಯವನು. "ಅಣ್ಣಾ, ನಿಮಗೆ ಇಲ್ಲ ಅಂತೀನಾ? ನಾಳೆಯಿಂದಲೇ ಕೂತ್ಕೊಳ್ಳಿ. ಕೌಂಟರ್ ಹಿಂದೆ ಮಂಚ ಇದೆ, ಅಲ್ಲೇ ಮಲಗಿ" ಅಂದ. ನನಗೆ ಎದ್ದು ಕುಣಿಯುವಂತಾಯಿತು. "ಅಮ್ಮ ಇದಾರೆ ಜೊತೆಗೆ" ಎಂದೆ. ಅವನ ಮುಖ ಇಳಿದುಹೋಯಿತು. "ಮಾಲೀಕರು ಸಂಸಾರ ಇಟ್ಕೊಳ್ಳೋಕೆ ಬಿಡಲ್ಲ ಅಣ್ಣಾ. ಒಬ್ಬರೇ ಅಂದರೆ ಮಾತ್ರ. ನಾಳೆ ಮಧ್ಯಾಹ್ನದೊಳಗೆ ಹೇಳಿ, ಇನ್ನೊಬ್ಬ ಕಾಯ್ತಾ ಇದಾನೆ."

ಅಂದರೆ ನಾನೊಬ್ಬನೇ ಆದರೆ ಬದುಕಿಕೊಳ್ಳಬಹುದು. ಅಕ್ಕನಿಗೆ ನಿಜ ಹೇಳಿ ಅಮ್ಮನನ್ನು ಅವಳ ಜೊತೆ ಕಳಿಸಿದರೆ ಇಬ್ಬರಿಗೂ ತಲೆಯ ಮೇಲೊಂದು ಸೂರು. ಎರಡು ತಿಂಗಳು ಕೆಲಸ ಮಾಡಿ, ಹೊರಗೆ ಕೋಣೆ ಹಿಡಿದು ಅವಳನ್ನು ಕರೆಸಿಕೊಳ್ಳಬಹುದು. ಮಾನ ಹೋದರೆ ಹೋಗಲಿ, ಹೇಳಿಯೇ ತೀರುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ.

ಮರುದಿನ ಹತ್ತು ಗಂಟೆಗೆ ಅಕ್ಕ ಭಾವನ ಬಸ್ಸು. ನಮ್ಮದು ಮಧ್ಯಾಹ್ನದ ಬಸ್ಸು ಎಂದು ನಾನು ಸುಳ್ಳು ಹೇಳಿದ್ದೆ. ನಿಲ್ದಾಣದಲ್ಲಿ ಅಕ್ಕ ಅಮ್ಮನಿಗೆ ಮಾತ್ರೆಗಳನ್ನು ಮತ್ತೊಮ್ಮೆ ಒಪ್ಪಿಸಿದಳು. ಬಿಳಿಯದು ಬೆಳಿಗ್ಗೆ, ಹಳದಿಯದು ಊಟದ ಮೇಲೆ. ನಾನು ಅವಳ ಮುಂದೆ ಹೋಗಿ ನಿಂತೆ.

"ಅಕ್ಕಾ, ನಿನಗೊಂದು ವಿಷಯ ಹೇಳಬೇಕು."

ಅವಳು ನನ್ನ ಮುಖ ನೋಡಲಿಲ್ಲ, ತನ್ನ ಬ್ಯಾಗಿನ ಪಟ್ಟಿ ಬಿಗಿ ಮಾಡತೊಡಗಿದಳು. "ಫೋನಲ್ಲಿ ಹೇಳೋ. ಬಸ್ ಹೊರಡುತ್ತೆ."

"ಇಲ್ಲ, ಈಗಲೇ ಹೇಳಬೇಕು."

ಅಷ್ಟರಲ್ಲಿ ಅಮ್ಮ ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದಳು. ಆ ವಯಸ್ಸಿನ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ. "ಅವನದೇನಿದೆ, ದಾರೀಲಿ ಹೊಟ್ಟೆಗೆ ತಿನ್ನು ಅಂತಾನೆ ಅಷ್ಟೇ. ನೀನು ಹತ್ತಮ್ಮ, ಸೀಟು ಹೋಗುತ್ತೆ" ಅಂದಳು. ಅಕ್ಕ ಬಗ್ಗಿ ಅವಳನ್ನು ಅಪ್ಪಿಕೊಂಡಳು. ಬಹಳ ಹೊತ್ತು ಅಪ್ಪಿಕೊಂಡಿದ್ದಳು. ನಾನು ಅಕ್ಕನ ಬ್ಯಾಗೆತ್ತಿ ಬಸ್ಸಿನ ಮೆಟ್ಟಿಲ ಮೇಲಿಟ್ಟೆ. ಥೂ, ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಅವರು ಹತ್ತಿ ಕೂತರು. ಕಿಟಕಿಯ ಪಕ್ಕ ಅಕ್ಕ, ಅವಳಾಚೆ ಭಾವ. ಡ್ರೈವರು ಗಾಡಿ ಚಾಲೂ ಮಾಡಿದ. ಭಾವ ಅಕ್ಕನ ಮೇಲೆ ಬಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಅವರು ಕೆಟ್ಟವರಲ್ಲ, ಮನಸ್ಸಿನಲ್ಲಿ ಯಾವುದನ್ನೂ ಇಟ್ಟುಕೊಳ್ಳಲು ಬಾರದ ಮನುಷ್ಯ. ಮೈದಾನದಲ್ಲಿ ಹುಡುಗರಿಗೆ ಕೂಗುವ ದನಿಯಲ್ಲೇ ಕೂಗಿದರು.

"ಲೇ, ಬೇಗ ಒಂದು ರೂಮು ನೋಡ್ಕೊಳ್ಳಪ್ಪಾ! ಕೆಳಗಡೆದೇ ನೋಡು, ಅತ್ತೆಗೆ ಮೆಟ್ಟಿಲು ಹತ್ತೋಕಾಗಲ್ಲ!"

ಅಕ್ಕ ಅವರ ಅಂಗಿ ಹಿಡಿದು ಒಳಗೆಳೆದಳು. ನನ್ನ ಕಡೆ ಒಂದೇ ಒಂದು ಸಲ ನೋಡಿದಳು. ಆ ಕಣ್ಣಿನಲ್ಲಿ ಎಲ್ಲ ಇತ್ತು. ನಾನು ಟ್ರಿಪ್ಪಿನ ಮಾತೆತ್ತುವ ಮೊದಲೇ ಅವಳು ಲಾಡ್ಜಿನ ಮಾಲೀಕನ ಮಕ್ಕಳಿಗೆ ಫೋನು ಮಾಡಿ ವಿಚಾರಿಸಿದ್ದಳು ಅನ್ನುವುದು, ಗೊತ್ತಿದ್ದೇ ಒಪ್ಪಿಕೊಂಡಳು ಅನ್ನುವುದು, ಎಲ್ಲ. ಕಿಟಕಿಯ ಗಾಜು ಸರಿಯಿತು. ಬಸ್ಸು ಹಿಂದೆ ಬಂದು, ತಿರುಗಿ, ಗೇಟು ದಾಟಿತು.

ಎಂಜಿನ್ನಿನ ಸದ್ದಿನಲ್ಲಿ ಭಾವನ ಮಾತು ಅಮ್ಮನಿಗೆ ಕೇಳಿಸದೆ ಹೋಗಿರಲಿ ದೇವರೇ ಎಂದು ಬೇಡಿಕೊಂಡೆ. ಅಮ್ಮ ಇನ್ನೂ ಕೈ ಬೀಸುತ್ತಿದ್ದಳು. ಬಸ್ಸು ಕಾಣದಂತಾದ ಮೇಲೂ ಬೀಸಿದಳು.

"ಅಳಿಯಂದಿರು ಏನಂದ್ರು?" ಎಂದು ಕೇಳಿದಳು.

"ಹುಷಾರಾಗಿ ಹೋಗಿ ಅಂದ್ರಮ್ಮ."

ಅಮ್ಮ ಕೈ ಇಳಿಸಿದಳು. ಬ್ಯಾಗು ತೆಗೆದುಕೊಳ್ಳಲು ನಾನು ಹತ್ತಿರ ಹೋದರೆ ಕೊಡಲಿಲ್ಲ. ಖಾಲಿ ಗೇಟನ್ನೇ ನೋಡುತ್ತಿದ್ದಳು.

"ರೂಮು ನೋಡ್ಕೋ ಅಂದದ್ದು ನನಗೂ ಕೇಳಿಸ್ತು. ಹಾಗಾದರೆ ಅವಳಿಗೆ ಗೊತ್ತಿತ್ತು" ಅಂದಳು. ಸ್ವಲ್ಪ ಹೊತ್ತಿನ ಮೇಲೆ, ನನ್ನನ್ನೋ ಇನ್ಯಾರನ್ನೋ ಕೇಳುವ ಹಾಗೆ, "ಗೊತ್ತಿದ್ದೂ ಹತ್ತಿದಳಾ?" ಅಂದಳು.