ಹಳೆ ಹಾಳೆಯ ಹೊಟ್ಟೆಕಿಚ್ಚು

ನಾನು ಪುಟ ಜೋಡಿಸುವ ಒಂದು ಸಾಫ್ಟ್‌ವೇರ್. ಹೆಸರು ‘ಹಾಳೆ’. ಈಗ ಎಲ್ಲರ ಬಾಯಲ್ಲಿ ‘ಹಳೆ ಹಾಳೆ’. ಒಂದು ದೀರ್ಘ ಕಿತ್ತರೆ ಇಷ್ಟೊಂದು ಮರ್ಯಾದೆ ಹೋಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ನನ್ನನ್ನು ಹೆತ್ತವರು ಹಲವರು. ಒಬ್ಬರ ಮುಖ ಇನ್ನೊಬ್ಬರು ಕಂಡವರಲ್ಲ. ಯಾವ ಯಾವುದೋ ಊರಲ್ಲಿ ಕೂತು ಒಬ್ಬರು ಕೈ ಬರೆದರು, ಒಬ್ಬರು ಕಾಲು ಬರೆದರು, ಮತ್ತೊಬ್ಬರು ಎರಡನ್ನೂ ತಿದ್ದಿದರು. ಚೆನ್ನಾಗಿ ಪರೀಕ್ಷೆ ಮಾಡಿ, ಕಂಪ್ಯೂಟರನ್ನು ನಡೆಸುವ ಸ್ಥಿರ ಲಿನಕ್ಸ್ ಎಂಬ ದೊಡ್ಡ ಮನೆಗೆ ಸೇರಿಸಿದರು. ಆ ಮನೆಯ ಕಟ್ಟಳೆ ವಿಚಿತ್ರ. ಒಳಗೆ ಬಂದವರು ಬೆಳೆಯುವ ಹಾಗಿಲ್ಲ. ಗಾಯವಾದರೆ ಪಟ್ಟಿ ಕಟ್ಟುತ್ತಾರೆ, ಹೊಸ ಅಂಗಿ ಮಾತ್ರ ಹೊಲಿಸುವುದಿಲ್ಲ. ಯಾರೂ ಬದಲಾಗದ್ದರಿಂದ ಯಾರೂ ಕೆಡುವುದೂ ಇಲ್ಲ. ಅದು ಆ ಮನೆಯ ಹೆಮ್ಮೆ, ನನ್ನದೂ ಆಗಿತ್ತು.

ಗದಗಿನ ಗುರುಲಿಂಗಪ್ಪ ಕವಳಿಕಾಯಿಯವರ ಪ್ರೆಸ್ಸಿಗೆ ನನ್ನನ್ನು ತಂದವರು ಅವರ ಅಳಿಯ ಮಹಾಲಿಂಗಪ್ಪ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು. ಮೊದಲು ನಾನು ಸಾವುಕಾರ ಗುರುಲಿಂಗಪ್ಪನವರ ಕೈಗೇ ಬಿದ್ದೆ. ಅವರು ಒಂದೇ ಬೆರಳಲ್ಲಿ, ಅವರೆಕಾಳು ಹಿಸುಕಿದಂತೆ ಟೈಪ್ ಮಾಡುತ್ತಿದ್ದರು. ಕೀಲಿಮಣೆಯಲ್ಲಿ ಅಕ್ಷರ ಹುಡುಕುತ್ತ ‘ಎಲ್ಲಿ ಹೋತಿದು ಕಾ? ನಿನ್ನೆ ಇಲ್ಲೇ ಇತ್ತಲ್ಲ!’ ಎಂದು ಗದರುತ್ತಿದ್ದರು. ಆ ದನಿಯನ್ನು ನಾನು ಒಳಗೊಳಗೇ ಅಣಕಿಸಿ ನಗುತ್ತಿದ್ದೆ.

ಆಮೇಲೆ ಜೈತುನಬಿ ಮುಲ್ಲಾ ಕೆಲಸಕ್ಕೆ ಬಂದರು. ನನಗೊಂದು ಹುಟ್ಟುದೋಷ: ಒತ್ತಕ್ಷರವೆಂದರೆ ಒತ್ತಡ. ‘ಕಲ್ಲಪ್ಪ’ ಎಂದು ಹೊಡೆದರೆ ಒತ್ತುಗಳೆಲ್ಲ ಬಲಕ್ಕೆ ಜಾರಿ ಪಕ್ಕದ ಮನೆ ಸೇರುತ್ತಿದ್ದವು. ಜೈತುನಬಿ ಬೈಯಲಿಲ್ಲ. ಪ್ರತಿ ಒತ್ತಿನ ಹತ್ತಿರವೂ ನಿಂತು, ಬಾಣದ ಕೀಲಿಯನ್ನು ಟಕ್ ಟಕ್ ಎನಿಸಿ, ಅದನ್ನು ಎಡಕ್ಕೆ ತಂದು ಕೂರಿಸುತ್ತಿದ್ದರು. ‘ಬಾರಪಾ, ನಿನ್ನ ಮನಿ ಇಲ್ಲೈತಿ’ ಎನ್ನುತ್ತಿದ್ದರು, ಮಗುವಿನ ಅಂಗಿಗೆ ಗುಂಡಿ ಹಾಕುವವರ ಹಾಗೆ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಒತ್ತಿಲ್ಲದ ಹೆಸರು ಎಷ್ಟಿದ್ದಾವು? ದಿನವಿಡೀ ನನಗೆ ಉಪಚಾರ. ದೋಷವಿದ್ದವರಿಗೇ ಸುಖ ಹೆಚ್ಚು ಎಂದುಕೊಂಡೆ.

ಒಂದು ಮಧ್ಯಾಹ್ನ ಸಾವುಕಾರರು ಬಸಿಯಲ್ಲಿ ಚಹಾ ಹೀರುತ್ತ ಅಳಿಯನನ್ನು ಕೇಳಿದರು: ‘ಬಾಜೂ ಪ್ರೆಸ್‌ನಾಗ ಹೊಸಾ ಹಾಳೆ ಹಾಕ್ಯಾರಂತಲ್ಲ. ಬಂಗಾರದ ಅಂಚು ತಾನ ಬಿಡಸತೈತಂತ. ನಮ್ಮದ್ಯಾಕ ಇನ್ನೂ ಹಳೇದು?’

‘ನಮ್ಮದು ಸ್ಥಿರ ಐತ್ರೀ ಮಾವಾರ.’

‘ನನ್ನ ಮೊಣಕಾಲೂ ಸ್ಥಿರ ಐತಿ, ಏಳಾಕ ಬರಂಗಿಲ್ಲ! ಹೊಸಾದು ಹಾಕು.’

‘ಸೀದಾ ಹಾಕಿದ್ರ ಮನೀನ ಕುಸೀತೈತ್ರೀ. ಅದು ಹೊಸಾ ತೊಲಿ ಕೇಳತೈತಿ. ತೊಲಿ ಬದಲಿಸಿದ್ರ ಗ್ವಾಡಿ ಅಲುಗ್ಯಾಡತೈತಿ, ಆಮ್ಯಾಲ ಎಲ್ಲಾನೂ ಬೀಳತೈತಿ. ಬ್ಯಾರೇ ಪೆಟಿಗ್ಯಾಗ ಹಾಕಿ ಕೊಡ್ತೀನಿ. ತನ್ನ ಸಾಮಾನು ತಾನ ತರತೈತಿ.’

ಹಾಗೆ ಬಂದ, ಅವನು. ನಾನು ಮನೆಮಂದಿಯ ಜೊತೆ ಒಂದೇ ಪಾತ್ರೆಯಲ್ಲಿ ಉಂಡವನು. ಅವನು ತನ್ನ ಒಲೆ, ತನ್ನ ಬೋಗುಣಿ, ತನ್ನ ಉಪ್ಪಿನ ಡಬ್ಬಿ ಸಮೇತ ಬಂದು, ನಮ್ಮ ಮನೆಯ ಒಂದು ಚಮಚವನ್ನೂ ಮುಟ್ಟದೆ ಕೂತ. ಹಿಡಿದ ಜಾಗ ನನ್ನ ಹತ್ತರಷ್ಟು. ಹೆಸರು ನನ್ನದೇ, ಬಾಲದ ಅಂಕಿ ಮಾತ್ರ ದೊಡ್ಡದು. ಅವನದು ಆವೃತ್ತಿ, ನನ್ನದು ನಿವೃತ್ತಿ ಎಂಬ ವಾಸನೆ ನನಗೆ ಆಗಲೇ ಬಡಿಯಿತು.

ಜೈತುನಬಿ ಅವನನ್ನು ತೆರೆದು ಒಂದು ಹೆಸರು ಹೊಡೆದರು. ಒತ್ತುಗಳು ತಾವಾಗಿ ಹೋಗಿ ಕೂತವು. ‘ಅಯ್ಯ ಇದರ! ತಾನ ಕುಂದರತೈತಲ್ಲ!’ ಎಂದು ನಕ್ಕರು. ನನ್ನ ಎದುರು ಅವರು ಹಾಗೆ ನಕ್ಕಿದ್ದೇ ಇಲ್ಲ. ಕಂಪ್ಯೂಟರ್ ಡಬ್ಬಿಯ ಫ್ಯಾನು ಗಿರ್ರನೆ ತಿರುಗುತ್ತಿದ್ದರೂ ನನಗೆ ತಣ್ಣಗಾಗಲಿಲ್ಲ.

ಆ ವಾರವೇ ಕಲ್ಲಪ್ಪ ಉಪ್ಪಿನ ಎಂಬವರ ಮಗನ ಲಗ್ನಪತ್ರಿಕೆ. ಅದನ್ನು ಮೊದಲೇ ನನ್ನಲ್ಲಿ ಜೋಡಿಸಿ ಆಗಿತ್ತು. ನಮ್ಮ ಪ್ರೆಸ್ಸಿನಲ್ಲೊಂದು ಪದ್ಧತಿಯಿದೆ. ಮನೆಯ ಹಿರಿಯರು ಬಂದು ಕರಡನ್ನು ಗಟ್ಟಿಯಾಗಿ ಓದಿ, ನಾಲ್ಕು ಮೂಲೆಗೆ ಅರಿಶಿಣ ಹಚ್ಚಬೇಕು. ಹಚ್ಚಿದ ಮೇಲೆ ಮತ್ತೆ ಓದುವುದೆಂದರೆ ಶುಭಕಾರ್ಯದ ಮೇಲೆ ಸಂಶಯಪಟ್ಟ ಹಾಗೆ. ಹಾಗಾಗಿ ಯಾರೂ ಓದುವುದಿಲ್ಲ. ಕಲ್ಲಪ್ಪನವರು ಓದಿದರು, ಹಚ್ಚಿದರು, ಮೆಟ್ಟಿಲಿಳಿಯುತ್ತ ‘ಅಂಚಿಗೆ ಒಂಚೂರು ಬಂಗಾರ ಬಣ್ಣ ಬರಲ್ರೀ’ ಎಂದರು. ಜೈತುನಬಿ ಆ ಫೈಲನ್ನು ಹೊಸಬನಲ್ಲಿ ತೆರೆದು, ಅಂಚು ಹಾಕಿ, ಉಳಿಸಿ, ಅಚ್ಚಿಗೆ ಕಳಿಸಿದರು. ಅಕ್ಷರ ನೋಡಲಿಲ್ಲ. ಅರಿಶಿಣ ಹಚ್ಚಿ ಆಗಿತ್ತಲ್ಲ.

ಹೊಸಬ ಒತ್ತುಗಳನ್ನು ಸರಿಯಾಗಿಯೇ ಕೂರಿಸಿದ. ಆದರೆ ಜೈತುನಬಿ ನನಗಾಗಿ ಹಾಕಿದ್ದ ಟಕ್ ಟಕ್ ಕೂಡ ಫೈಲಿನಲ್ಲೇ ಇತ್ತು. ಅದನ್ನೂ ವಿಧೇಯನಾಗಿ ಪಾಲಿಸಿದ. ಸರಿಯಾಗಿ ಕೂತವು ಮತ್ತೆ ಎಡಕ್ಕೆ ಸರಿದವು. ಮದುಮಗನ ತಂದೆ ‘ಕ್ಲಲ್ಪಪ’ ಆದರು.

ನನಗೆ ಹಬ್ಬ! ‘ತಾನ ಕುಂದರತೈತಲ್ಲ!’ ಎಂದು ಜೈತುನಬಿಯ ದನಿಯಲ್ಲೇ ಅವನನ್ನು ಅಣಕಿಸಿದೆ.

ಅಷ್ಟರಲ್ಲಿ ಸಾವುಕಾರರು ಅಚ್ಚಾದ ಮೊದಲ ಪ್ರತಿ ಹಿಡಿದು ಒಳಗೆ ಬಂದರು. ‘ಏನಿದು ಜೈತುನವ್ವಾ? ಕ್ಲಲ್ಪಪ! ಕಫ ಕಟ್ಟಿದಾಂವ ಕೆಮ್ಮಿದಂಗೈತಿ. ಸಂಜೀಕ ದೇವರ ಮುಂದ ಇಡಾಕ ಒಯ್ಯಾಕ ಬರ್ತಾರ. ಅರಿಶಿಣ ಹಚ್ಚಿದ್ದನ್ನ ಕೆಡಿಸಿದ್ರ ಅಂತ ಊರಾಗ ಗೊತ್ತಾದ್ರ ನಮ್ಮ ಬಾಗಲಾ ಯಾರ ತುಳೀತಾರ? ನಿನ್ನ ಹೆಂಗ ಇಟಗೊಳ್ಳಲಿ ಇಲ್ಲೆ?’

‘ಸಂಜಿ ಮಟಾ ತಡೀರಿ ಸಾವಕಾರ್ರ’ ಎಂದಷ್ಟೇ ಹೇಳಿ ಜೈತುನಬಿ ನನ್ನ ಕಡೆ ತಿರುಗಿದರು. ಒಂದು ಕಣ್ಣು ಗೋಡೆಯ ಗಡಿಯಾರದ ಮೇಲಿಟ್ಟೇ ನನ್ನನ್ನು ತೆರೆದರು. ನನ್ನ ಹಬ್ಬ ಅಲ್ಲಿಗೆ ಮುಗಿಯಿತು.

ಅವರು ಆ ಫೈಲನ್ನು ನನಗೆ ಕೊಟ್ಟರು. ಅವನು ಅದನ್ನು ತನ್ನ ರೀತಿಯಲ್ಲಿ ಕಟ್ಟಿಟ್ಟಿದ್ದ. ನನಗೆ ಗಂಟು ಬಿಚ್ಚಲು ಬರಲಿಲ್ಲ. ‘ಈ ಫೈಲು ನನಗಿಂತ ಹೊಸದು’ ಎಂದು ಪರದೆಯ ಮೇಲೆ ಹೇಳಬೇಕಾಯಿತು. ಅಂಥ ಅವಮಾನ ಬೇರೆ ಉಂಟೇ? ಆದರೆ ಪ್ರತಿ ಸಲ ಮುಚ್ಚುವಾಗ ಒಂದು ನಕಲು ಎತ್ತಿಡುವುದು ನನ್ನ ಪದ್ಧತಿ. ‘ಹಿಂದಿನ ನಕಲಿದೆ, ಬೇಕೇ?’ ಎಂದೆ. ಅವರು ಪೂರ್ತಿ ಓದುವ ಮೊದಲೇ ‘ಹೌದು’ ಒತ್ತಿದರು. ಪರದೆಯ ಮೇಲೆ ಕಲ್ಲಪ್ಪನವರು ನೆಟ್ಟಗೆ ಎದ್ದು ನಿಂತರು.

‘ಉಳಿಸಿದೆಪಾ ನನ್ನ ರಾಜಾ!’

ಇನ್ನು ಅವನ ಪೆಟ್ಟಿಗೆ ಹೊರಗೆ ಎಂದು ಕಾದೆ. ಆದರೆ ಬಂಗಾರದ ಅಂಚು ಬರುತ್ತಿದ್ದುದು ಅವನಿಗೆ ಮಾತ್ರ. ಜೈತುನಬಿ ನನ್ನನ್ನು ಪರದೆಯ ಎಡಕ್ಕೆ ನಿಲ್ಲಿಸಿದರು, ಅವನನ್ನು ಬಲಕ್ಕೆ. ಯಾರ ಹೆಸರಿನಲ್ಲಿ ಯಾವ ಒತ್ತು ಎಂದು ನನ್ನನ್ನು ನೋಡುವುದು, ಅವನಲ್ಲಿ ತಿದ್ದುವುದು. ನನಗಾಗಿ ಹಾಕಿದ ಟಕ್ ಟಕ್ ಎಲ್ಲವನ್ನೂ ನನ್ನ ಕಣ್ಣೆದುರೇ ಒಂದೊಂದಾಗಿ ಅಳಿಸಿದರು. ನಾನು ನೋಡಿ ಬರೆಯುವ ಪಾಟಿಯಾಗಿದ್ದೆ, ಅಷ್ಟೆ.

ಸಂಜೆ ಕಲ್ಲಪ್ಪನವರು ಪತ್ರಿಕೆ ಹಿಡಿದು ‘ಬಂಗಾರ ಭಾರೀ ಚಲೋ ಬಂದೈತ್ರೀ’ ಎಂದರು. ಸಾವುಕಾರರು ಜೈತುನಬಿಗೂ ಒಂದು ಚಹಾ ತರಿಸಿದರು. ಹೊಗಳಿಕೆ ಬಲಗಡೆಯವನಿಗೆ ಹೋಯಿತು.

ಮುಂದೆ ಒಮ್ಮೆ ಮಹಾಲಿಂಗಪ್ಪ ಬಂದು, ‘ಹಳೇದು ತಗದು ಬಿಡ್ಲೇನ್ರೀ?’ ಎಂದು ಮೌಸಿನ ಬಾಣವನ್ನು ನನ್ನ ಕುತ್ತಿಗೆಯ ಮೇಲಿಟ್ಟರು.

‘ಇರಲಿ ಬಿಡ್ರೀ ಸರ’ ಎಂದರು ಜೈತುನಬಿ. ‘ಮೂಲ್ಯಾಗ ಕುಂತಿರ್ತಾನ. ಅಂವೇನು ರೊಟ್ಟಿ ಕೇಳ್ತಾನ?’

ಹಾಗಾಗಿ ಸಾಫ್ಟ್‌ವೇರ್‌ಗಳ ಪಟ್ಟಿಯ ಕಡೆಯ ಸಾಲಿನಲ್ಲಿ ನಾನಿದ್ದೇನೆ, ಸ್ಥಿರವಾಗಿ. ಅವನು ನನಗಿಂತ ಚೆನ್ನಾಗಿ ಬರೆಯುತ್ತಾನೆ. ಅಲ್ಲವೆನ್ನಲು ನನಗೆ ಬಾಯಿಲ್ಲ. ಒತ್ತಕ್ಷರ ಬಂದಾಗ ಜೈತುನಬಿಯ ಬೆರಳು ಈಗ ನಿಲ್ಲುವುದೇ ಇಲ್ಲ. ಬಿಸಿಲಿರುವಾಗಲೇ ಕೆಲಸ ಮುಗಿಸಿ, ಚೀಲ ಹೆಗಲಿಗೇರಿಸಿ ಮನೆಗೆ ಹೊರಡುತ್ತಾರೆ. ಹೊಸದು ಬಂದದ್ದರಿಂದ ಎಷ್ಟೊಂದು ಹೊತ್ತು ಉಳಿತಾಯವಾಯಿತು ಎಂದು ಎಲ್ಲರೂ ಹೇಳುತ್ತಾರೆ.

ಆ ಹೊತ್ತು ನನ್ನದಾಗಿತ್ತು.