ಜೇನು ನೆಕ್ಕುವವಳು

ನಾನು ಪದಗಳ ಮೂಲ ಹುಡುಕುವವನು. ನಿಘಂಟು ಕಚೇರಿಯ ಮೂರನೆಯ ಮಹಡಿಯಲ್ಲಿ, ಕಿಟಕಿ ತೆರೆಯಲಾಗದ ಕೋಣೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಯಾವ ಪದ ಎಲ್ಲಿಂದ ಬಂತೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಮನೆಯ ಬಲ್ಬು ಬದಲಿಸಲು ಮಾತ್ರ ಪಕ್ಕದ ಮನೆಯವರನ್ನು ಕರೆಯಬೇಕು. ಅಕ್ಕ ನನ್ನನ್ನು ಪುಸ್ತಕದ ಬದನೆಕಾಯಿ ಎನ್ನುತ್ತಾಳೆ. ಆ ಮಾತಿನ ಮೂಲವನ್ನೂ ನಾನು ಅವಳಿಗೆ ವಿವರಿಸಿದ್ದುಂಟು.

ಅಕ್ಕನ ತಾರಸಿಯಲ್ಲಿ ಆರು ಜೇನುಪೆಟ್ಟಿಗೆಗಳಿದ್ದವು. ಐದು ಕೊಂಡು ತಂದವು. ಆರನೆಯದರ ನೊಣಗಳನ್ನು ಅವಳೇ ಹಿಡಿದದ್ದು. ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನ ಕೊಳವೆಗೆ ಜೋತುಬಿದ್ದಿದ್ದ ಹಿಂಡನ್ನು, ಅರವತ್ತೆರಡನೆಯ ವಯಸ್ಸಿನಲ್ಲಿ ಏಣಿ ಹತ್ತಿ ಇಳಿಸಿಕೊಂಡು ಬಂದಿದ್ದಳು. ಕೆಳಗೆ ಏಣಿ ಹಿಡಿದು ಉಪನ್ಯಾಸ ಕೊಟ್ಟದ್ದು ನಾನು. ಆ ಪುಣ್ಯಕ್ಕೆ, "ಇದರಲ್ಲಿ ಅರ್ಧ ನಿಂದು ಕಣೋ," ಎಂದಿದ್ದಳು. ಹಿಂಡು ಚಿಕ್ಕದು, ಬಡಕಲು. ಹೂವಿಲ್ಲದ ಈ ಎರಡು ತಿಂಗಳು ದಾಟಿದರೆ ಬದುಕುತ್ತದೆ ಎಂದು ದಿನವೂ ಪೆಟ್ಟಿಗೆಗೆ ಕಿವಿಯಿಟ್ಟು ಕೇಳುತ್ತಿದ್ದಳು.

ಅಷ್ಟರಲ್ಲಿ ಅವಳ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಆಸ್ಪತ್ರೆಗೆ ಹತ್ತಿರವೆಂದು ಒಂದು ವಾರ ಮಗಳ ಮನೆಗೆ ಹೊರಟವಳು, ಬೇರೆ ಯಾರೂ ಸಿಗದೆ ಪೆಟ್ಟಿಗೆಗಳನ್ನು ನನ್ನ ಕೊರಳಿಗೆ ಕಟ್ಟಿದಳು. ಸಂಜೆ ಹೊತ್ತು ಪ್ರತಿ ಪೆಟ್ಟಿಗೆಯೊಳಗೂ ಒಂದೊಂದು ಬಟ್ಟಲು ಸಕ್ಕರೆ ನೀರು ಇಡಬೇಕು. ನೊಣ ಮುಳುಗದಂತೆ ನಾಲ್ಕು ಕಡ್ಡಿ ತೇಲಿಬಿಡಬೇಕು. ಹೊರಗೆ ಒಂದು ತೊಟ್ಟೂ ಚೆಲ್ಲಬಾರದು. ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಸಕ್ಕರೆ ಎಂಬ ಪದ ಎಲ್ಲೆಲ್ಲಿ ತಿರುಗಿ ಬಂತೆಂದು ಅವಳಿಗೆ ತಿಳಿಸುವುದರಲ್ಲೇ ಬಸ್ಸಿನ ಹೊತ್ತಾಗಿತ್ತು.

ಆ ವಾರ ನನ್ನ ಮೇಜಿನ ಮೇಲಿದ್ದದ್ದೂ ಜೇನುನೊಣವೇ. ಗ್ರೀಕರು ಅದನ್ನು ಮೆಲಿಸ್ಸ ಎಂದರು. ಮೆಲಿ ಎಂದರೆ ಜೇನು, ಅಲ್ಲಿಯವರೆಗೆ ಜಗಳವಿಲ್ಲ. ಪದದ ಬಾಲದ ವಿಷಯಕ್ಕೆ ಬಂದಾಗ ಮಾತ್ರ ಪಂಡಿತರು ಜುಟ್ಟು ಹಿಡಿದು ಜಗ್ಗಾಡುತ್ತಾರೆ. ಅದು ಬರೀ ಪ್ರತ್ಯಯ ಎನ್ನುವವರು ಕೆಲವರು. ಅದರಲ್ಲಿ ನೆಕ್ಕುವುದು ಎಂಬ ಅರ್ಥದ ಹಳೆಯ ಧಾತು ಅಡಗಿದೆ ಎನ್ನುವವರು ಕೆಲವರು. ಸಂಸ್ಕೃತದಲ್ಲೂ ಜೇನುನೊಣಕ್ಕೆ ಮಧುಲಿಹ ಎಂಬ ಹೆಸರುಂಟು, ಅಂದರೆ ಜೇನು ನೆಕ್ಕುವಂಥದ್ದು. ನಾನು ನೆಕ್ಕುವವರ ಪಕ್ಷ ಸೇರಿದೆ. ಮೂರು ದಿನ ಬರೆದು 'ಜೇನು ನೆಕ್ಕುವವಳು' ಎಂದು ಕೊನೆಯ ಸಾಲು ಹಾಕಿ, ಇಲ್ಲದ ಮೀಸೆ ತಿರುವಿಕೊಂಡೆ.

ಆ ಮೂರು ದಿನವೂ ಸಕ್ಕರೆ ನೀರನ್ನು ಹೇಳಿದಂತೆಯೇ ಇಟ್ಟಿದ್ದೆ. ನಾಲ್ಕನೆಯ ದಿನ ರಜೆ. ಸಕ್ಕರೆ ಡಬ್ಬಿ ಎತ್ತಿಕೊಂಡವನಿಗೆ ನಾಚಿಕೆಯಾಯಿತು. ಸಾವಿರಾರು ವರ್ಷದಿಂದ ಜೇನು ನೆಕ್ಕುವವಳು ಎನಿಸಿಕೊಂಡವಳಿಗೆ ಸಕ್ಕರೆ ನೀರೇ? ಅಕ್ಕನ ಅಡುಗೆಮನೆಯ ಕಪಾಟಿನಲ್ಲಿ ದೊಡ್ಡ ಬಾಟಲಿ ತುಂಬ ಜೇನಿತ್ತು. ಅಗಲವಾದ ತಟ್ಟೆಗೆ ಸುರಿದೆ. ಮಟಮಟ ಮಧ್ಯಾಹ್ನ ತಾರಸಿಯ ನಡುವೆ ಇಟ್ಟು, ಕುರ್ಚಿ ಹಾಕಿಕೊಂಡು ಕುಳಿತೆ.

ಮೊದಲು ಎರಡು ಬಂದವು, ಆಮೇಲೆ ಇನ್ನೂರು. ನೆಕ್ಕಿದವು. ನನ್ನ ಕಣ್ಣೆದುರಿಗೇ, ನನ್ನ ವಾದದ ಪ್ರಕಾರವೇ ನೆಕ್ಕಿದವು. ಸಂಪಾದಕರಿಗೆ ಫೋನ್ ಮಾಡಿ ಸಾಕ್ಷಿ ಸಿಕ್ಕಿತು ಎಂದೆ. ತಟ್ಟೆ ಬರಿದಾದ ಮೇಲೂ ನೊಣಗಳು ಸುಮ್ಮನಾಗಲಿಲ್ಲ. ಆರನೆಯ ಪೆಟ್ಟಿಗೆಯ ಬಾಗಿಲಿಗೆ ಮುತ್ತಿಕೊಂಡು ಒಂದರ ಮೇಲೊಂದು ಉರುಳಾಡಿದವು. ಔತಣದ ಖುಷಿ ಹಂಚಿಕೊಳ್ಳುತ್ತಿವೆ ಎಂದುಕೊಂಡು ಅದನ್ನೂ ಟಿಪ್ಪಣಿ ಮಾಡಿಕೊಂಡೆ. ಮರುದಿನ ಬೆಳಿಗ್ಗೆ ಆ ಪೆಟ್ಟಿಗೆಗೆ ಕಿವಿಯಿಟ್ಟಾಗ ಸದ್ದೇ ಇರಲಿಲ್ಲ.

ಅಕ್ಕ ಬರುವ ಹೊತ್ತಿಗೆ ಮೂರು ಸುಳ್ಳು ಸಿದ್ಧವಾಗಿದ್ದವು. ಕಪ್ಪು ಕನ್ನಡಕ ಹಾಕಿಕೊಂಡ ಅವಳು ಮೆಟ್ಟಿಲು ಹತ್ತಿ, ಉಳಿದ ಐದನ್ನೂ ಬಿಟ್ಟು ನೇರವಾಗಿ ಆರನೆಯ ಪೆಟ್ಟಿಗೆಗೆ ಕಿವಿಯಿಟ್ಟಳು. ಮೂರೂ ಸುಳ್ಳು ಮರೆತುಹೋದವು. ತಟ್ಟೆಯ ಕಥೆಯೆಲ್ಲ ಹೇಳಿಬಿಟ್ಟೆ, ಮಧುಲಿಹವನ್ನೂ ಬಿಡದೆ.

ಅವಳು ಮುಚ್ಚಳ ತೆಗೆದಳು. ಜೇನು ತುಂಬಿಡುವ ಮೇಣದ ಎರಿಗಳು ಹರಿದು ಬರಿದಾಗಿದ್ದವು. ತಳದಲ್ಲಿ ಮೇಣದ ಪುಡಿ, ಅದರ ಮೇಲೆ ಸತ್ತ ನೊಣಗಳು. ಬಯಲಲ್ಲಿ ಜೇನಿನ ವಾಸನೆ ಹತ್ತಿದರೆ ಬಲವಾದ ಹಿಂಡುಗಳು ಬಡ ಹಿಂಡಿನ ಮನೆಗೆ ನುಗ್ಗಿ ದೋಚುತ್ತವೆ ಎಂದು, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಜೇನು ನೆಕ್ಕುತ್ತೆ ಅಂತ ಬರ್ದಿದ್ದು ಸರಿಯಾಗೇ ಇದೆ," ಎಂದಳು. "ಯಾರ ಜೇನನ್ನ ಅಂತ ನನ್ನ ಒಂದು ಮಾತು ಕೇಳ್ಬೋದಿತ್ತು."

ಇಂಗು ತಿಂದ ಮಂಗನಂತೆ ನಿಂತೆ. ಹುಟ್ಟಿದಂದಿನಿಂದ ಜೊತೆಗಿರುವ ಅಕ್ಕನಿಗೆ ನಾನು ಹೇಳಿದ್ದೇ ಹೇಳಿದ್ದು. ಅವಳನ್ನು ಏನನ್ನೂ ಕೇಳಿದ ನೆನಪಿರಲಿಲ್ಲ. ಅವಳು ಮೇಣ ಕೆರೆಯುವ ಚಾಕುವನ್ನು ನನ್ನತ್ತ ಚಾಚಿ, "ಅರ್ಧ ನಿಂದಲ್ವಾ, ಬಾ, ಶುಚಿ ಮಾಡು," ಎಂದಳು.

ಚಾಕು ಎಂಬ ಪದದ ಮೂಲ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಇದನ್ನ ಹೇಗೆ ಹಿಡ್ಕೋಬೇಕಕ್ಕಾ?" ಎಂದು ಕೇಳಿದೆ.

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಚಾಕುವಿನ ಹಿಡಿಯ ಮೇಲೆ ಕೂರಿಸಿದಳು.